ಮರಕ್ಕೆ ಬಿಟ್ಟ ಅರ್ಧ ಇಂಚು

“ಮುಟ್ಟಬ್ಯಾಡ ಕಣಮ್ಮ, ಪಾಲಿಶ್ ಇನ್ನೂ ಆರಿಲ್ಲ” ಅಂದ ತಿಮ್ಮರಾಜು.

ಸಾಯಿಲಕ್ಷ್ಮಿ ಮುಟ್ಟಿದಳು. ಮುಟ್ಟಿದ್ದಷ್ಟೇ ಅಲ್ಲ, ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ತಳ ನೋಡಿ ಮತ್ತೆ ಮೇಜಿನ ಮೇಲಿಟ್ಟಳು. ಬೆರಳಿಗೆ ಅಂಟಿದ ಪಾಲಿಶನ್ನು ಅವನ ಮೇಜಿನ ಅಂಚಿಗೇ ಒರೆಸಿದಳು.

“ಇದು ನನ್ನ ಪೆಟ್ಟಿಗಿ” ಅಂದಳು.

ಮಡಕಶಿರಾದ ಆ ಅಂಗಡಿಯಲ್ಲಿ ಮನೆ ಹೆಸರಿನ ಫಲಕ, ದೇವರ ಮನೆಯ ಬಾಗಿಲು, ಮದುವೆಯ ಸ್ಟೇಜಿಗೆ ಹಾಕುವ ಹೆಸರು, ಎಲ್ಲವನ್ನೂ ಮೆಷಿನ್ನಿನಲ್ಲಿ ಕೊಯ್ದು ಕೊಡುತ್ತಿದ್ದರು. ತಿಮ್ಮರಾಜು ಅದರ ಯಜಮಾನ. ಮೈತುಂಬ ಮರದ ಹೊಟ್ಟು, ಕಿವಿಯ ಹಿಂದೆ ಪೆನ್ಸಿಲ್ಲು. ಅವನು ಆಕೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ.

“ನಿಂದಾ? ಕೊಯ್ದಿದ್ದು ನಾನು, ಪಾಲಿಶ್ ಹೊಡ್ದಿದ್ದು ನಾನು. ನೀನ್ಯಾರು ತಾಯಿ?”

ಅವಳು ರಾಯದುರ್ಗದ ಕಟಿಂಗ್ ಮಾಸ್ಟರ್ ರಾಮಯ್ಯನ ಮಗಳು. ಜೀನ್ಸ್ ಪ್ಯಾಂಟಿಗೆ ರಟ್ಟಿನ ಅಳತೆ ಕೊಯ್ಯುವುದು ಅವಳ ಕೆಲಸ. ಬಾಯಿ ಜೋರು ಅನ್ನುವುದು ಊರಿನ ಅಭಿಪ್ರಾಯ. ಅವಳೇನೂ ಅದನ್ನು ಅಲ್ಲಗಳೆದಿರಲಿಲ್ಲ. ಆ ಬಾಯಿ ಈಗ ತಮ್ಮ ಶಶಿಗಾಗಿ ಇಷ್ಟು ದೂರ ಬಂದಿತ್ತು. ಶಶಿಯ ಗುರು ಲೋಕನಾಥ ಮೆಟ್ಟಿಲಿಂದ ಜಾರಿ ಬಿದ್ದು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ; ಅವನು ಕೈಯಾರೆ ಕಟ್ಟಿದ ಕಂಪ್ಯೂಟರ್ ಬೋರ್ಡು ಅವತ್ತೇ ಮಾಯವಾಗಿತ್ತು; ಕದ್ದವನು ಶಶಿಯೇ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಲೋಕನಾಥನ ಹೆಂಡತಿ ಕೊಟ್ರಮ್ಮ ಸೋಮವಾರ ಪೊಲೀಸರಿಗೆ ಕಂಪ್ಲೇಂಟ್ ಕೊಡುತ್ತೇನೆ ಎಂದು ಬೀದಿಯಲ್ಲೇ ನಿಂತು ಹೇಳಿದ್ದಳು. ಇವತ್ತು ಶನಿವಾರ.

ಬಾಗಿಲಲ್ಲಿ ಸೌಭಾಗ್ಯ ಸ್ಕೂಟಿ ನಿಲ್ಲಿಸಿಕೊಂಡು ನಿಂತಿದ್ದಳು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ನೇರ ಬಂದಿದ್ದಳಾದ್ದರಿಂದ ಸೆರಗಿನಲ್ಲಿ ಹಿಪ್ಪುನೇರಳೆ ಎಲೆಯ ಚೂರು ಇನ್ನೂ ಇತ್ತು. ತಿಮ್ಮರಾಜು ತನ್ನ ಫೋನಿನ ಸ್ಟೇಟಸ್ಸಿನಲ್ಲಿ ಹಾಕಿಕೊಂಡಿದ್ದ ಪೆಟ್ಟಿಗೆಯ ಫೋಟೋವನ್ನು ಗೆಳತಿಗೆ ಕಳಿಸಿದವಳು ಅವಳೇ. ಈಗ ಯಾಕಾದರೂ ಕಳಿಸಿದೆನೋ ಎಂಬ ಮುಖ.

“ಮೆಲ್ಲಗೆ ಮಾತಾಡಮ್ಮಿ” ಅಂದಳು ಸೌಭಾಗ್ಯ. “ಬೆಳಿಗ್ಗೆ ನೀನು ಸ್ಟೇಟಸ್ ಹಾಕಿರೋದೇ ಸಾಕು.”

ಅದೂ ನಿಜ. ಕಲ್ಯಾಣದುರ್ಗದ ಬಸ್ಸಿನಲ್ಲಿ ಕೂತೊಡನೆ ಸಾಯಿಲಕ್ಷ್ಮಿ ಅದೇ ಫೋಟೋವನ್ನು ತನ್ನ ಸ್ಟೇಟಸ್ಸಿಗೂ ಹಾಕಿ, ಕೆಳಗೆ ಬರೆದಿದ್ದಳು: ‘ನನ್ನ ತಮ್ಮ ಕಳ್ಳ ಅಂದವರು ನೋಡಿ. ಮಡಕಶಿರಾದಲ್ಲಿ ಸಿಕ್ಕಿದೆ. ತರಲು ಹೊರಟಿದ್ದೇನೆ.’ ಊರಿನ ಬಾಯಿ ಮುಚ್ಚಿಸುವ ಆಸೆ ಅಷ್ಟಿತ್ತು. ಹಾಕಿದ ಮೇಲೆ ಎದೆ ಹಗುರಾಗಿ, ಬಸ್ಸಿನಲ್ಲಿ ಚೆನ್ನಾಗಿ ನಿದ್ದೆಯೂ ಬಂದಿತ್ತು.

“ಮೆಲ್ಲಗೆ ಯಾಕ ಮಾತಾಡ್ಲಿ? ನಾ ಏನು ಕದ್ದೀನೇನು?” ಎಂದು ಅವಳು ತಿಮ್ಮರಾಜುವಿನತ್ತ ತಿರುಗಿದಳು. “ನೋಡ್ರಿ, ಒಂದು ಮಾತು ಕೇಳ್ತೀನಿ. ಈ ಪೆಟ್ಟಿಗಿ ಡಿಸೈನ್ ಯಾರ್ದು?”

“ನಂದೇ.”

“ನಿಮ್ದಾ? ಭೇಷ್. ಹಂಗಾದ್ರ ಹೇಳ್ರಿ, ಅಂಚಿನಾಗ ಇಲ್ಲಿ ಸಣ್ಣ ಕಚ್ಚು ಹಾಕೀರಲ್ಲ, ಇದು ಯಾಕ?”

ತಿಮ್ಮರಾಜು ಬಗ್ಗಿ ನೋಡಿದ. ಪೆಟ್ಟಿಗೆಯ ಒಂದೊಂದು ಹಲಗೆಯ ಅಂಚಿನಲ್ಲೂ, ನಟ್ಟನಡುವೆ, ಭತ್ತದ ಕಾಳಿನಷ್ಟು ಸಣ್ಣ ಕಚ್ಚು ಇತ್ತು. ಹಲಗೆ ಹಲಗೆ ಸೇರುವಲ್ಲಿ ಎರಡು ಕಚ್ಚು ಎದುರುಬದುರಾಗಿ ನಿಂತಿದ್ದವು.

“ಅದು... ಗಾಳಿ ಆಡಕ್ಕೆ.”

“ಗಾಳಿಗೆ ಮ್ಯಾಲ ಸೀಳು ಬಿಟ್ಟೀನಲ್ರಿ, ಹಿಂಬದಿ ಜೇಬಿನ ಹೊಲಿಗಿ ತರ ಬಾಗಿಸಿ! ಅದೂ ನಿಮ್ದೇ ಡಿಸೈನೇನು?”

“ಅದು ಚೆಂದಕ್ಕೆ” ಅಂದ ತಿಮ್ಮರಾಜು. ಅವನ ದನಿ ಸ್ವಲ್ಪ ಇಳಿದಿತ್ತು.

ಸಾಯಿಲಕ್ಷ್ಮಿ ಚೀಲದಿಂದ ಟೇಪು ತೆಗೆದಳು. ಬಟ್ಟೆಯ ಟೇಪು, ತುದಿಯಲ್ಲಿ ತಗಡು. ಉದ್ದ ಹಿಡಿದಳು, ಅಗಲ ಹಿಡಿದಳು, ಎತ್ತರ ಹಿಡಿದಳು. ಒಂದೊಂದು ಅಳತೆಗೂ ಅವಳ ಮುಖ ಅರಳುತ್ತಾ ಹೋಯಿತು. ನಾಲ್ಕೂ ಕಡೆ, ಎಲ್ಲ ಹಲಗೆಗೂ, ಬೋರ್ಡಿಗೆ ಬೇಕಾದ್ದಕ್ಕಿಂತ ಅರ್ಧರ್ಧ ಇಂಚು ಹೆಚ್ಚು.

ಇದು ಅವಳದೇ ತಪ್ಪು. ಪ್ರಪಂಚದಲ್ಲಿ ಇನ್ಯಾರೂ ಮಾಡಲಾರದ ತಪ್ಪು.

ಲೋಕನಾಥ ಹೊಲಿಗೆ ಮೆಷಿನ್ನಿನ ಮೋಟಾರು ರಿಪೇರಿ ಮಾಡುವವನು. ಉಳಿದ ಹೊತ್ತಿನಲ್ಲಿ ಅವನಿಗೊಂದು ಹುಚ್ಚು: ಈಗಿನದಲ್ಲ, ತಾನು ಹುಡುಗನಾಗಿದ್ದಾಗ ಇದ್ದಂಥ ಕಂಪ್ಯೂಟರನ್ನು ಒಂದೊಂದೇ ಚಿಪ್ಪು ಬೆಸೆದು ಕಟ್ಟುವುದು. ಅಂಗೈ ಎರಡು ಸೇರಿಸಿದಷ್ಟು ಹಸಿರು ಬೋರ್ಡು. ಹಳೇ ಟಿವಿಗೆ ಜೋಡಿಸಿದರೆ ಕಪ್ಪು ಪರದೆಯ ಮೇಲೆ ದಪ್ಪ ದಪ್ಪ ಅಕ್ಷರ ಮೂಡುತ್ತಿತ್ತು. ಅದರಿಂದ ಏನುಪಯೋಗ ಅಂತ ಕೇಳಿದರೆ ‘ಉಪಯೋಗ ಕೇಳಿ ಪ್ರೀತಿ ಮಾಡ್ತಾರೇನವ್ವ’ ಅನ್ನುತ್ತಿದ್ದ. ಅದಕ್ಕೊಂದು ಪೆಟ್ಟಿಗೆ ಬೇಕು, ಪೇಟೆಯಲ್ಲಿ ಸಿಗುವುದಲ್ಲ, ಅದಕ್ಕೇ ಅಂತ ಹುಟ್ಟಿದ್ದು ಬೇಕು ಎಂದು ಸಾಯಿಲಕ್ಷ್ಮಿಗೆ ಒಪ್ಪಿಸಿದ್ದ.

ಅವಳು ಪ್ಯಾಂಟಿಗೆ ಕೊಯ್ಯುವ ಹಾಗೆಯೇ ರಟ್ಟು ಕೊಯ್ದಳು. ಬೆರಳಿಗೆ ತೊಂದರೆಯಾಗದಂತೆ ಮುಂಭಾಗ ಇಳಿಜಾರು ಮಾಡಿದಳು. ಬೋರ್ಡು ತಳಕ್ಕೆ ತಾಗದಂತೆ ನಾಲ್ಕು ಗಿಡ್ಡ ಕಾಲು ಇಟ್ಟಳು. ಮುಚ್ಚಳ ಹಿಡಿಯಲು ಜೀನ್ಸಿನ ಹಿತ್ತಾಳೆ ಬಟನ್ನು. ಎಲ್ಲ ಮಾಡಿ, ಕೈ ರೂಢಿಯಲ್ಲಿ, ಸುತ್ತಲೂ ಹೊಲಿಗೆಗೆಂದು ಅರ್ಧ ಇಂಚು ಮಾರ್ಜಿನ್ ಬಿಟ್ಟಳು. ತುಂಡಿಗೆ ತುಂಡು ಹೊಂದಿಸಲು ಅಂಚಿಗೆ ಕಚ್ಚನ್ನೂ ಹಾಕಿದಳು. ಲೋಕನಾಥ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದ. ‘ಮರನೂ ಹೊಲಿತೀಯೇನವ್ವ ನೀನು?’ ಅವಳು ಸಿಟ್ಟಿನಲ್ಲಿ ಮಾರ್ಜಿನ್ ಇಲ್ಲದ ಇನ್ನೊಂದು ರಟ್ಟು ಕೊಯ್ದುಕೊಟ್ಟಳು. ಮೊದಲಿನದನ್ನು ಅವನು ಬಿಸಾಡಲು ಬಿಡದೆ, ಬಂದವರಿಗೆ ತೋರಿಸಿ ನಗಲು ತನ್ನ ಕೋಣೆಯ ಮೊಳೆಗೆ ತೂಗುಹಾಕಿಕೊಂಡಿದ್ದ.

ಆ ಮೊಳೆಯಿಂದಲೇ ರಟ್ಟು ಇಲ್ಲಿಗೆ ಬಂದಿತ್ತು.

“ಕಣ್ಣಳತಿಲೆ ಕದ್ದಿದ್ರ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಆಗ್ತಿತ್ತು” ಅಂದಳು. “ಎಲ್ಲಾ ಕಡೆ ಸಮ ಅರ್ಧ ಇಂಚು ಹೆಚ್ಚಾಗೈತಿ. ಇದು ನನ್ನ ಕತ್ರಿ. ಯಾರು ತಂದುಕೊಟ್ರು ಹೇಳ್ರಿ.”

“ಗಿರಾಕಿ ವಿಷ್ಯ ನಾವು ಹೇಳಾಕಿಲ್ಲ ಕಣಮ್ಮ.”

“ಹೇಳಬ್ಯಾಡ್ರಿ, ನಾನೇ ಹೇಳ್ತೀನಿ. ತಿಪ್ಪೇರುದ್ರಪ್ಪ. ದಪ್ಪ ಮೀಸಿ, ಬಿಳೇ ಕಾರು.”

ತಿಪ್ಪೇರುದ್ರಪ್ಪ ಊರಲ್ಲಿ ದೊಡ್ಡ ಜೀನ್ಸ್ ಯೂನಿಟ್ಟಿನ ಮಾಲೀಕ. ಆ ಬೋರ್ಡಿನ ಒಂದು ಚಿಪ್ಪು ತನ್ನ ಹಳೇ ಎಂಬ್ರಾಯಿಡರಿ ಮೆಷಿನ್ನಿನದು, ವಾಪಸ್ ಕೊಡು ಎಂದು ಲೋಕನಾಥನ ಬೆನ್ನು ಹತ್ತಿದ್ದ. ಗುಜರಿಗೆ ಹಾಕಿದ ಮೆಷಿನ್ನಿನ ಚಿಪ್ಪಿಗೆ ಅಂಥ ದೊಡ್ಡ ಮನುಷ್ಯ ಯಾಕೆ ಬಾಯಿ ಬಿಡುತ್ತಾನೆ ಅನ್ನುವುದು ಯಾರಿಗೂ ಅರ್ಥವಾಗಿರಲಿಲ್ಲ. ಕೊಡಲ್ಲ ಅಂದಿದ್ದ ಲೋಕನಾಥ. ಸಾಯಿಲಕ್ಷ್ಮಿಗೆ ಅನುಮಾನವೇ ಇರಲಿಲ್ಲ.

ಆದರೆ ತಿಮ್ಮರಾಜು ಕಣ್ಣು ಮಿಟುಕಿಸಿದ. “ಮೀಸೆನೂ ಇಲ್ಲ, ಕಾರೂ ಇಲ್ಲ. ಅಂಥೋರು ಯಾರೂ ಬಂದಿಲ್ಲ, ದೇವ್ರಾಣೆ.”

ಅವನು ಸುಳ್ಳು ಹೇಳುವಾಗ ದನಿ ಇಳಿಯುತ್ತಿದ್ದುದನ್ನು ಅವಳು ಆಗಲೇ ಗಮನಿಸಿದ್ದಳು. ಈಗ ಇಳಿದಿರಲಿಲ್ಲ. ಅವಳಿಗೆ ಮೊದಲ ಸಲ ಕಸಿವಿಸಿಯಾಯಿತು.

ಪೆಟ್ಟಿಗೆಯನ್ನು ಮತ್ತೆ ತಿರುಗಿಸಿದಳು. ಹಿಂಭಾಗದಲ್ಲಿ ಕರೆಂಟಿನ ವೈರಿಗೆ ಅವಳು ಎಡಗಡೆ ತೂತು ಬರೆದಿದ್ದಳು. ಆ ತೂತಿಗೆ ಮರದ ಬಿಲ್ಲೆ ಹೊಡೆದು ಮುಚ್ಚಿದ್ದರು. ಬಲಗಡೆ ಹೊಸ ತೂತು, ಅರದಲ್ಲಿ ಕೈಯಿಂದ ಉಜ್ಜಿದ್ದು.

ಬೀಳುವ ಸ್ವಲ್ಪ ಮುಂಚೆಯಷ್ಟೇ ಲೋಕನಾಥ ಸುಟ್ಟುಹೋದ ಸಾಕೆಟ್ಟನ್ನು ಕಿತ್ತು, ಹೊಸದನ್ನು ಬಲಗಡೆ ಬೆಸೆದಿದ್ದ. ರಟ್ಟಿನಲ್ಲಿ ಅದು ಇಲ್ಲ. ಬೋರ್ಡನ್ನೇ ಎದುರಿಗಿಟ್ಟುಕೊಂಡವರಿಗೆ ಮಾತ್ರ ಅದು ಗೊತ್ತಾಗಬೇಕು.

“ಬೋರ್ಡು ಇಲ್ಲಿಗೆ ಬಂದಿತ್ತು” ಅಂದಳು. ಕೇಳಲಿಲ್ಲ, ಹೇಳಿದಳು. “ಈ ಮೇಜಿನ ಮ್ಯಾಲ ಇಟ್ಟು ತೂತು ಅಳತಿ ಮಾಡೀರಿ. ಯಾರು ತಂದ್ರು?”

“ಹೋಗಮ್ಮ ತಾಯಿ, ಅಂಗಡಿ ಬಾಗ್ಲು ಹಾಕೋ ಹೊತ್ತಾಯ್ತು.”

“ಹಾಕ್ರಿ ನೋಡಾಣ.”

ಅವಳು ಅವನ ಕುರ್ಚಿಯನ್ನೇ ಎಳೆದು, ಬಾಗಿಲ ನಡುಮಧ್ಯ ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೌಭಾಗ್ಯ ‘ಅಯ್ಯೋ ಶಿವನೇ’ ಎಂದು ಸ್ಕೂಟಿಯನ್ನು ಇನ್ನಷ್ಟು ದೂರ ಸರಿಸಿದಳು.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. “ಏಂ ತಿಮ್ಮರಾಜೂ, ನಾ ಬೋರ್ಡು ಅಯಿಂದಾ?” ಎಂದು, ತನ್ನ ಬೋರ್ಡು ಆಯಿತಾ ಅಂತ ತೆಲುಗಿನಲ್ಲಿ ಕೇಳಿದ.

“ನಿಮ್ಮ ಮನಿ ಹೆಸರಿನ ಬೋರ್ಡಾ?” ಅಂದಳು ಸಾಯಿಲಕ್ಷ್ಮಿ. “ಹುಷಾರು ರೀ, ಇವರ ಅಂಗಡಿಯಾಗ ಕದ್ದ ಅಳತಿಗೆ ಮರ ಕೊಯ್ತಾರ. ನಾಳೆ ನಿಮ್ಮ ಹೆಸರು ಇನ್ನೊಬ್ರ ಮನಿ ಮುಂದ ನೇತಾಡಿದ್ರ ನನ್ನ ಕೇಳಬ್ಯಾಡ್ರಿ.”

ಗಿರಾಕಿ ಇಬ್ಬರನ್ನೂ ನೋಡಿ, ಆಮೇಲೆ ಬರುತ್ತೇನೆಂದು ಹೊರಟೇಹೋದ.

“ಪೊಲೀಸ್ರನ್ನ ಕರೀತೀನಿ ನಾನು!”

“ಕರೀರಿ! ನಾನೂ ಅದನ್ನೇ ಕಾಯಾಕತ್ತೀನಿ. ಕಳ್ಳ ಮಾಲಿಗೆ ಪೆಟ್ಟಿಗಿ ಮಾಡಿಕೊಟ್ಟೋರು ಯಾರು ಅಂತ ಅವರೂ ಕೇಳ್ಲಿ.”

ತಿಮ್ಮರಾಜು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗಿಟ್ಟುಕೊಂಡ. ಕೊನೆಗೆ ಒಳಗೆ ಹೋಗಿ, ರಟ್ಟಿನ ಕಟ್ಟೊಂದನ್ನು ತಂದು ಅವಳ ಮುಂದೆ ಹಿಡಿದ. “ತಗ. ಇದ್ರಾಗೇ ಕೊಯ್ದಿದ್ದು. ನಂಗೆ ಬೇರೇನೂ ಗೊತ್ತಿಲ್ಲ. ಇದ ತಗಂಡು ಎದ್ದೋಗು.”

ಅವಳು ಕಟ್ಟನ್ನು ಕೈಗೆ ತೆಗೆದುಕೊಂಡಳು. ಅವಳದೇ ರಟ್ಟು, ಅವಳದೇ ಕಚ್ಚು. ಆದರೆ ನೋಡಿದ್ದು ರಟ್ಟನ್ನಲ್ಲ, ಅದನ್ನು ಕಟ್ಟಿದ ಪಟ್ಟಿಯನ್ನು.

ಒಂದು ಯೂನಿಟ್ಟಿನ ರಟ್ಟು ಇನ್ನೊಂದು ಯೂನಿಟ್ಟಿಗೆ ಎರವಲು ಹೋಗಿ ಬರುತ್ತಿರುತ್ತದೆ. ಯಾರ ಕಟ್ಟು ಯಾವುದೆಂದು ತಿಳಿಯಲು ಅವಳಿಗೆ ಗೊತ್ತಿದ್ದ ಕಟಿಂಗ್ ಮಾಸ್ಟರುಗಳೆಲ್ಲ ತಮ್ಮದೇ ಒಂದು ರೀತಿಯಲ್ಲಿ ಕಟ್ಟುತ್ತಿದ್ದರು. ಒಬ್ಬರದು ಎರಡು ಗಂಟು, ಒಬ್ಬರದು ಕುಣಿಕೆ. ಲೋಕನಾಥನಿಗೆ ಕೊಡುವಾಗ ಅವಳು ಬರೀ ಸುತಳಿ ಸುತ್ತಿ ಕೊಟ್ಟಿದ್ದಳು. ಈಗ ಸುತಳಿ ಇರಲಿಲ್ಲ. ಜೇಬಿನ ಬಿಳೇ ಬಟ್ಟೆಯ ಪಟ್ಟಿ, ಅದನ್ನು ರಟ್ಟಿನ ತೂತಿನೊಳಗೆ ಎರಡು ಸುತ್ತು ಹಾಯಿಸಿ, ಗಂಟೇ ಹಾಕದೆ ತುದಿಯನ್ನು ಎಡಕ್ಕೆ ಸಿಕ್ಕಿಸಿದ್ದರು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕಟ್ಟು.

ಹಾಗೆ ಕಟ್ಟುವವರು ಅವಳಿಗೆ ಗೊತ್ತಿದ್ದ ಹಾಗೆ ಒಬ್ಬರೇ. ಅವಳ ಅಪ್ಪ ರಾಮಯ್ಯ.

ಕೊಟ್ರಮ್ಮ ಬೀದಿಯಲ್ಲಿ ಕೂಗಾಡಿದ ದಿನ ಅಪ್ಪ ಹೊಸಿಲಲ್ಲಿ ನಿಂತು ಏನಂದಿದ್ದ? ‘ನನ್ನ ಮಗ ಅಂತ ನೋಡಬ್ಯಾಡ್ರಿ ಕೊಟ್ರಮ್ಮಾರ. ಸ್ಟೇಷನ್ನಿಗೆ ಕೊಡ್ರಿ.’ ಶಶಿ ತಲೆ ತಗ್ಗಿಸಿದ್ದ. ಅಮ್ಮ ಪದ್ಮಾವತಮ್ಮ ಎರಡು ಹೊತ್ತು ಒಲೆ ಹಚ್ಚಿರಲಿಲ್ಲ. ಅಪ್ಪನ ಸತ್ಯವಂತಿಕೆಯೆಂದು ಊರು ಹೊಗಳಿತ್ತು. ಬೋರ್ಡು ಮುಚ್ಚಿಟ್ಟ ಕೈಯೇ ಮಗನ ಕಡೆ ಬೊಟ್ಟು ಮಾಡಿತ್ತೇ?

“ಇದನ್ನ ತಂದೋರು ವಯಸ್ಸಾದೋರಾ?” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತಾ?”

ತಿಮ್ಮರಾಜು ತಲೆಯಾಡಿಸಿದ. ಅವನ ಮುಖದಲ್ಲೀಗ ಸಿಟ್ಟಿರಲಿಲ್ಲ. “ರಟ್ಟು ಇಡ್ಕಂಡಿದ್ದು ಅವ್ರು. ಬೋರ್ಡು ಮಾತ್ರ ಕೈಯಾಗೆ ಮುಟ್ಟಲಿಲ್ಲ. ಅದನ್ನ ಮಗೀನ ತರ ಮಡಿಲಾಗೆ ಇಟ್ಕಂಡು ಕೂತಿದ್ದು ಒಂದು ಎಣ್ಣೆಂಗ್ಸು. ಪೆಟ್ಗೆ ತಗಂಡೋಗಕ್ಕೆ ಇವತ್ತೇ ಬತ್ತೀನಿ ಅಂದವ್ರೆ.”

ಮನೆಗೆ ಹೋಗಿಬಿಡಬಹುದಿತ್ತು. ಕಟ್ಟನ್ನು ದಾರಿಯ ಕೆರೆಗೆ ಎಸೆದು, ಏನೂ ಸಿಗಲಿಲ್ಲವೆಂದರೆ ಅಪ್ಪ ಉಳಿಯುತ್ತಿದ್ದ. ಶಶಿ ಹೋಗುತ್ತಿದ್ದ. ಸಾಯಿಲಕ್ಷ್ಮಿ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತಳು.

“ಬರ್ಲಿ. ಯಾರೇ ಆಗ್ಲಿ, ನಾ ಇಲ್ಲೇ ಇರ್ತೀನಿ.”

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಗುಡಿಬಂಡೆ ಕಡೆಯ ಆಟೋವೊಂದು ಅಂಗಡಿಯ ಮುಂದೆ ನಿಂತಿತು. ತರಕಾರಿ ಚೀಲವನ್ನು ಎದೆಗವಚಿಕೊಂಡು ಇಳಿದ ಹೆಂಗಸು ಬಾಗಿಲಲ್ಲಿ ಕೂತವಳನ್ನು ಕಂಡು ಹಾಗೇ ನಿಂತುಬಿಟ್ಟಳು.

ಕೊಟ್ರಮ್ಮ.

ಸಾಯಿಲಕ್ಷ್ಮಿ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಬರ್ರಿ ಕೊಟ್ರಮ್ಮಕ್ಕ. ಕಂಪ್ಲೇಂಟ್ ಕೊಡಾಕ ಸೋಮವಾರದ ತನಕ ಯಾಕ ಕಾಯ್ತೀರಿ? ಕಳ್ಳಿ, ಮಾಲು ಎರಡೂ ಇಲ್ಲೇ ಅದಾವಲ್ಲ!”

ಕೊಟ್ರಮ್ಮ ಹೆದರಲಿಲ್ಲ. ಸುತ್ತ ನೋಡಿ, ಅವಳನ್ನು ರಟ್ಟೆ ಹಿಡಿದೆಬ್ಬಿಸಿ ಅಂಗಡಿಯೊಳಗೆ ಎಳೆದುಕೊಂಡಳು. “ಬಾಯಿ ಮುಚ್ಚವ್ವ. ನೀನು ಇಲ್ಲಿಗೆ ಬಂದಿದ್ದು ಯಾರಿಗರ ಗೊತ್ತೈತೇನು?”

“ನನ್ನ ಕೇಳ್ತೀರಾ? ನನ್ನ ತಮ್ಮನ್ನ ಬೀದಿಗೆ ತಂದು—”

“ನಿನ್ನ ತಮ್ಮ ಕಳ್ಳ ಅನ್ನಿಸಿಕೊಳ್ಳಾಕ ತಾನಾಗೇ ಒಪ್ಪಿಕೊಂಡು ಬೀದಿಗೆ ಬಂದ” ಅಂದಳು ಕೊಟ್ರಮ್ಮ. “ನಮ್ಮನಿಯವರು ಜಾರಲಿಲ್ಲ ಸಾಯಿಲಕ್ಷ್ಮಿ. ಬೋರ್ಡು ಬಿಡಲಿಲ್ಲ ಅಂತ ಅವರನ್ನ ನೂಕಿದ, ಆ ತಿಪ್ಪೇರುದ್ರಪ್ಪ. ದೊಡ್ಡ ಕಂಪನಿಗಳ ಗುರುತು ಕದ್ದು ಅವನು ಹೊಲಿಸಿದ್ದೆಲ್ಲ ಆ ಚಿಪ್ಪಿನಾಗ ಉಳಿದೈತಂತ. ಶಶಿ ಕಣ್ಣಾರೆ ಕಂಡಾನ. ಬೋರ್ಡು ತಗೊಂಡು ಹಿತ್ತಲಿಂದ ಓಡಿಬಂದು ನನ್ನ ಕೈಯಾಗ ಇಟ್ಟ. ಅದು ನಮ್ಮ ಹತ್ರ ಐತಿ ಅಂತ ಗೊತ್ತಾದ್ರ ನಮ್ಮನ್ನ ಸ್ಟೇಷನ್ ಮೆಟ್ಟಿಲು ಹತ್ತಾಕ ಬಿಡ್ತಾನೇನು ಅವನು? ಶಶಿ ಮ್ಯಾಲ ಕಂಪ್ಲೇಂಟ್ ಅಂದ್ರ ತಾನೇ ದಾರಿ ಬಿಡ್ತಾನ. ಸೋಮವಾರ ಹೋಗೋದು ಶಶಿ ಮ್ಯಾಲ ಹೇಳಾಕಲ್ಲ, ಆ ಸಾವ್ಕಾರನ ಮ್ಯಾಲ.”

“ಅಪ್ಪ?”

“ಎಲ್ಲಾ ಅವರದೇ ಯೋಚನಿ. ಇಲ್ಲಿ ನಮ್ಮನ್ನ ಯಾರೂ ಅರಿಯರು, ಗುಡಿಬಂಡಿಯಾಗ ನನ್ನ ತಂಗಿ ಮನಿ ಐತಿ, ಬೋರ್ಡು ಅಲ್ಲೇ ಇಟ್ಟಿದ್ವಿ. ಸ್ಟೇಷನ್ ಮುಟ್ಟೋ ತನಕ ಅದು ಮುರೀಬಾರದು. ಹೊಸ ಸಾಕೆಟ್ಟು ಹೊರಗ ಚಾಚೈತಿ, ಎರಡನೇ ಅಳತಿ ಬಿಗಿ ಆಗ್ತದ, ಮೊದಲನೇದರಾಗ ಮಗಳು ಮಾರ್ಜಿನ್ ಬಿಟ್ಟಾಳ, ಅದರಾಗ ಕುಂದರ್ತದ ಅಂದ್ರು.”

“ನಂಗ್ಯಾಕ ಹೇಳಲಿಲ್ಲ?” ಅಂದಳು ಸಾಯಿಲಕ್ಷ್ಮಿ. ಅಳುವಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

“ನಿನ್ನ ಬಾಯಿ ಊರಿಗೇ ಗೊತ್ತಲ್ಲವ್ವ” ಅಂದಳು ಕೊಟ್ರಮ್ಮ. ಸಾಯಿಲಕ್ಷ್ಮಿಯ ಕೈ ತಾನಾಗಿ ಚೀಲದೊಳಗಿನ ಫೋನಿನತ್ತ ಹೋಯಿತು. ಸ್ಟೇಟಸ್ ತೆರೆದಳು. ನೋಡಿದವರ ಹೆಸರುಗಳಲ್ಲಿ ಮೇಲಿನಿಂದ ಎರಡನೆಯದು ತಿಪ್ಪೇರುದ್ರಪ್ಪನದು.

“ಬೋರ್ಡು ಕೊಡ್ರಿ” ಅಂದಳು.

ಚೀಲದ ಬದನೆಕಾಯಿಯ ಕೆಳಗೆ, ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿದ ಹಸಿರು ಬೋರ್ಡು ಹೊರಬಂತು. ಸಾಯಿಲಕ್ಷ್ಮಿ ಅದನ್ನು ಪೆಟ್ಟಿಗೆಯೊಳಗಿನ ನಾಲ್ಕು ಗಿಡ್ಡ ಕಾಲಿನ ಮೇಲೆ ಇಳಿಸಿದಳು. ಚಾಚಿದ ಸಾಕೆಟ್ಟು ಅರ್ಧ ಇಂಚಿನ ಜಾಗದಲ್ಲಿ ಸರಿದು, ಬಲಗಡೆಯ ತೂತಿಗೆ ಸರಿಯಾಗಿ ಮುಖವಿಟ್ಟಿತು. ಲೋಕನಾಥಣ್ಣ ನಕ್ಕಿದ್ದ ತಪ್ಪು ಅವನ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡಿತ್ತು. ಮುಚ್ಚಳ ಹಾಕಿ, ಹಿತ್ತಾಳೆ ಬಟನ್ನುಗಳನ್ನು ಒಂದೊಂದಾಗಿ ಒತ್ತಿದಳು.

ಕೊನೆಯ ಬಟನ್ನು ಕೂರುವಾಗ ಹೊರಗಿನಿಂದ ಸೌಭಾಗ್ಯ ಕೂಗಿದಳು. “ಸಾಯಿ! ಯಾವ್ದೋ ಬಿಳೀ ಕಾರು ನಿಂತೈತೆ ಕಣೇ!”

ಕೊಟ್ರಮ್ಮ ಗೋಡೆಗೆ ಆತುಕೊಂಡಳು. ತಿಮ್ಮರಾಜು ಅವಳಿಂದ ಪೆಟ್ಟಿಗೆಯತ್ತ, ಪೆಟ್ಟಿಗೆಯಿಂದ ಬಾಗಿಲತ್ತ ನೋಡಿ, ಉಳಿಯೊಂದನ್ನು ಕೈಗೆತ್ತಿಕೊಂಡು ಹಿಂದಿನ ಬಾಗಿಲು ಎಲ್ಲಿದೆಯೆಂದು ಕಣ್ಣಿನಲ್ಲೇ ತೋರಿಸಿದ.

ಸಾಯಿಲಕ್ಷ್ಮಿ ಹಿಂದಿನ ಬಾಗಿಲಿಗೆ ಹೋಗಲಿಲ್ಲ. “ನೀವು ಅಕ್ಕನ್ನ ಒಳಗ ಕರ್ಕೊಂಡು ಹೋಗ್ರಿ. ಅವನನ್ನ ಕರೆಸಿದ್ದು ನಾನು” ಎಂದು ಪೆಟ್ಟಿಗೆಯೊಡನೆ ಬಾಗಿಲಿಗೆ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು.

ಕಾರಿನಿಂದ ತಿಪ್ಪೇರುದ್ರಪ್ಪ ನಿಧಾನವಾಗಿ ಇಳಿದ. ಮೀಸೆ ಒರೆಸಿಕೊಂಡು ನಕ್ಕ. “ಏನವ್ವ ಸಾಯಿಲಕ್ಷ್ಮಿ, ಹುಡುಕಿಬಿಟ್ಟಿ! ನಾನೂ ಅದನ್ನೇ ಹುಡುಕಾಕತ್ತಿದ್ದೆ. ಸ್ಟೇಟಸ್ ನೋಡಿ ಬಾಳ ಖುಷಿ ಆತು. ಇಷ್ಟು ದೂರ ಒಬ್ಬಾಕಿ ಹೆಂಗ ತರ್ತೀಯ ಅಂತ, ನಿನ್ನ ತಮ್ಮನ್ನೂ ಕರ್ಕೊಂಡೇ ಬಂದೀನಿ.”

ಹಿಂದಿನ ಬಾಗಿಲು ತೆರೆಯಿತು. ಶಶಿ ಇಳಿದ. ಅಂಗಿಯ ಎರಡು ಗುಂಡಿ ಹರಿದಿದ್ದವು, ಕೆಳತುಟಿ ಊದಿತ್ತು. ಅವನ ಹೆಗಲ ಮೇಲೆ ಇನ್ಯಾರದೋ ಕೈಯಿತ್ತು. ಅಕ್ಕನ ತೊಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿ ಅವನು ಮೆಲ್ಲಗೆ, ಒಮ್ಮೆ ಮಾತ್ರ, ಬೇಡವೆಂದು ತಲೆಯಾಡಿಸಿದ.

“ಪೆಟ್ಟಿಗಿ ಈ ಕಡೆ ಕೊಡು, ಹುಡುಗನ್ನ ಆ ಕಡೆ ಕಳಿಸ್ತೀನಿ” ಅಂದ ತಿಪ್ಪೇರುದ್ರಪ್ಪ.

ಅವಳು ಕುರ್ಚಿಯಿಂದ ಏಳಲಿಲ್ಲ. ಎರಡೂ ಕೈಗಳನ್ನು ಪೆಟ್ಟಿಗೆಯ ಮೇಲೆ ಊರಿ ಅವನ ಕಣ್ಣನ್ನೇ ನೋಡಿದಳು.

“ಬರ್ರಿ ಸಾವ್ಕಾರ” ಅಂದಳು. “ಬಂದು ತಗೊಳ್ರಿ.”